ಬರೀ ಎಣ್ಣೆ: ವಾರ್ಫರಿನ್ ಸೇವಿಸುತ್ತಿದ್ದ ಒಬ್ಬರ ಪ್ರಕರಣ ಅಧ್ಯಯನ

ಹಿನ್ನೆಲೆ

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಸೇವಿಸುವವರ ನಿಗಾ ಘಟಕವೊಂದರಲ್ಲಿ ನಾನು ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಇಲ್ಲಿ ಬರೆಯುತ್ತಿರುವುದು ಅರವತ್ತು ದಾಟಿದ ಒಬ್ಬ ಮಹಿಳೆಯ ವಿಷಯ. ಅವರ ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಪರೀಕ್ಷೆಯ ಅಂಕಿಗಳನ್ನೂ ಘಟನೆಗಳ ಕ್ರಮವನ್ನೂ ಬದಲಿಸಿಲ್ಲ, ಏಕೆಂದರೆ ಕಲಿಯಬೇಕಾದುದೆಲ್ಲ ಆ ಕ್ರಮದಲ್ಲೇ ಇದೆ. ಘಟಕದಲ್ಲಿ ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ.

ಅಮ್ಮನ ಹೃದಯದ ಮೈಟ್ರಲ್ ಕವಾಟವನ್ನು ತೆಗೆದು ಲೋಹದ ಯಾಂತ್ರಿಕ ಕವಾಟವನ್ನು ಜೋಡಿಸಿ ಹಲವು ವರ್ಷಗಳಾಗಿದ್ದವು. ಕೋಣೆ ನಿಶ್ಶಬ್ದವಾಗಿದ್ದರೆ ಎದುರು ಕುಳಿತವರಿಗೂ ಆ ಕವಾಟದ ಟಿಕ್ ಟಿಕ್ ಸದ್ದು ಸಣ್ಣಗೆ ಕೇಳಿಸುತ್ತಿತ್ತು. ಇಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸದಾ ಇರುತ್ತದೆ. ಹೆಪ್ಪಿನ ಒಂದು ಚೂರು ಮೆದುಳಿನ ಕಡೆ ಸಾಗಿದರೆ ಪಾರ್ಶ್ವವಾಯು, ಕವಾಟದಲ್ಲೇ ಸಿಕ್ಕಿಕೊಂಡರೆ ಪ್ರಾಣಾಪಾಯ. ಆದ್ದರಿಂದ ಅವರು ಜೀವನಪರ್ಯಂತ ವಾರ್ಫರಿನ್ ಸೇವಿಸಲೇಬೇಕು. ಹೊಸ ತಲೆಮಾರಿನ ಹೆಪ್ಪುನಿರೋಧಕ ಮಾತ್ರೆಗಳು ಬಂದಿದ್ದರೂ ಯಾಂತ್ರಿಕ ಕವಾಟ ಇರುವವರಿಗೆ ಅವುಗಳನ್ನು ಕೊಡುವಂತಿಲ್ಲ.

ವಾರ್ಫರಿನ್‌ನ ಪರಿಣಾಮವನ್ನು ಐಎನ್‌ಆರ್ ಎಂಬ ರಕ್ತಪರೀಕ್ಷೆಯಿಂದ ಅಳೆಯುತ್ತಾರೆ. ಈ ಮಾತ್ರೆ ತೆಗೆದುಕೊಳ್ಳದ ಆರೋಗ್ಯವಂತರಲ್ಲಿ ಅದು 1ರ ಆಸುಪಾಸಿನಲ್ಲಿರುತ್ತದೆ. ಅಮ್ಮನಿಗೆ ಅದು 2.5ರಿಂದ 3.5ರ ನಡುವೆ ಇರಬೇಕಿತ್ತು: ಕೆಳಗಿಳಿದರೆ ಹೆಪ್ಪಿನ ಭಯ, ಮೇಲೇರಿದರೆ ರಕ್ತಸ್ರಾವದ ಭಯ. ದಿನಕ್ಕೆ 5 ಮಿಲಿಗ್ರಾಂ, ಅಂದರೆ ವಾರಕ್ಕೆ 35 ಮಿಲಿಗ್ರಾಂ ಪ್ರಮಾಣದಲ್ಲಿ ಮೂರು ವರ್ಷ ಅವರ ಅಂಕಿ 2.6ಕ್ಕಿಂತ ಇಳಿದಿರಲಿಲ್ಲ, 3.4ಕ್ಕಿಂತ ಏರಿರಲಿಲ್ಲ. ಮಾತ್ರೆ ನುಂಗಿದ ಪ್ರತಿ ದಿನಕ್ಕೂ ಅವರು ಪುಸ್ತಿಕೆಯಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತಿದ್ದರು. ಮೂರು ವರ್ಷಗಳಲ್ಲಿ ತಪ್ಪಿದ ಗೆರೆಗಳು ನಾಲ್ಕೋ ಐದೋ ಮಾತ್ರ. ಇಷ್ಟು ಶಿಸ್ತಿನವರ ಅಂಕಿ ಏರುಪೇರಾದಾಗ ನಮಗೆ ಮೊದಲೇ ಅನುಮಾನ ಬರಬೇಕಿತ್ತು.

ಏರಿದ ಅಂಕಿ, ಸಿದ್ಧವಾಗಿದ್ದ ಉತ್ತರ

ಒಂದು ಚಳಿಗಾಲದಲ್ಲಿ ಅಮ್ಮನಿಗೆ ಎದೆಯ ಸೋಂಕು ತಗುಲಿತು. ಏಳು ದಿನ ಆ್ಯಂಟಿಬಯಾಟಿಕ್ ತೆಗೆದುಕೊಂಡರು. ಸೋಂಕು ವಾಸಿಯಾದರೂ ಎರಡು ವಾರ ಹಾಸಿಗೆ ಬಿಟ್ಟು ಏಳಲಾಗದಷ್ಟು ನಿಶ್ಶಕ್ತಿ ಇತ್ತು. ಆ್ಯಂಟಿಬಯಾಟಿಕ್ ನಡೆಯುತ್ತಿದ್ದಾಗ ಮಾಡಿದ ಪರೀಕ್ಷೆಯಲ್ಲಿ ಐಎನ್‌ಆರ್ 3.6 ಬಂದಿತ್ತು. ಅನೇಕ ಆ್ಯಂಟಿಬಯಾಟಿಕ್‌ಗಳು ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸುತ್ತವೆ, ಜ್ವರವೂ ಊಟ ಸೇರದಿರುವುದೂ ಅದಕ್ಕೆ ಜೊತೆಯಾಗುತ್ತವೆ. ಹಾಗಾಗಿ ಈ ಅಲ್ಪ ಏರಿಕೆ ನಿರೀಕ್ಷಿತವೇ ಆಗಿತ್ತು, ಪ್ರಮಾಣ ಬದಲಿಸಲಿಲ್ಲ.

ಆ್ಯಂಟಿಬಯಾಟಿಕ್ ಮುಗಿದು ನಾಲ್ಕು ವಾರಗಳಾದ ಮೇಲೆ ಬಂದ ಅಂಕಿ 4.4. ಈ ಪ್ರಕರಣದ ಮೊದಲ ತಿರುವು ಇದು, ಮತ್ತು ಇಲ್ಲಿಯೇ ನಾವು ಎಡವಿದೆವು. ಕಡತದಲ್ಲಿ ನಾನೇ "ಸೋಂಕು ಮತ್ತು ಆ್ಯಂಟಿಬಯಾಟಿಕ್ ನಂತರದ ಏರಿಕೆ" ಎಂದು ಬರೆದೆ. ಒಂದು ನಿಮಿಷ ನಿಧಾನಿಸಿ ದಿನಾಂಕಗಳನ್ನು ನೋಡಿದ್ದರೆ ಆ ವಾಕ್ಯ ನಿಲ್ಲುತ್ತಿರಲಿಲ್ಲ. ಏಳು ದಿನದ ಆ್ಯಂಟಿಬಯಾಟಿಕ್ ನಿಂತು ತಿಂಗಳಾದ ಮೇಲೆ ಅದರ ಪ್ರಭಾವ ಇಳಿದಿರಬೇಕೇ ಹೊರತು ಏರಿರಬಾರದು. ಆದರೆ ಕಣ್ಣೆದುರು ಒಂದು ಒಪ್ಪುವ ಕಾರಣ ಇದ್ದಾಗ ಮತ್ತೊಂದನ್ನು ಹುಡುಕುವ ಶ್ರಮ ಯಾರಿಗೂ ಬೇಡವಾಗುತ್ತದೆ. ನನಗೂ ಬೇಡವಾಯಿತು.

ಆ ದಿನ ನಾನು ವಾಡಿಕೆಯ ಪ್ರಶ್ನೆಯನ್ನೂ ಕೇಳಿದ್ದೆ: "ಅಮ್ಮಾ, ಹೊಸದಾಗಿ ಯಾವುದಾದರೂ ಔಷಧಿ ಶುರು ಮಾಡಿದ್ದೀರಾ?" ಅವರು "ಇಲ್ಲಪ್ಪ" ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ವಾರದ ಪ್ರಮಾಣವನ್ನು 35ರಿಂದ 32.5 ಮಿಲಿಗ್ರಾಂಗೆ ಇಳಿಸಿದೆವು. ಎರಡು ವಾರದ ನಂತರ 3.9. ಮತ್ತೆ ಇಳಿಸಿ 30 ಮಾಡಿದೆವು. ಮುಂದಿನ ಎರಡು ವಾರಕ್ಕೆ 3.2, ಆ ಮೇಲಿನ ನಾಲ್ಕು ವಾರಕ್ಕೆ 3.0. ಅಂಕಿ ಹಿಡಿತಕ್ಕೆ ಬಂತು ಎಂದು ನೆಮ್ಮದಿಪಟ್ಟೆವು. ಮೂರು ವರ್ಷ 35ರಲ್ಲಿ ಸ್ಥಿರವಾಗಿದ್ದ ದೇಹಕ್ಕೆ ಈಗ 30 ಏಕೆ ಸಾಕಾಗುತ್ತಿದೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಇಳಿದ ಅಂಕಿ

ಆಮೇಲೆ ಅಮ್ಮ ಮೂರು ವಾರ ಮಗನ ಮನೆಗೆ ಹೋಗಿದ್ದರು. ಹಿಂತಿರುಗಿದ ದಿನವೇ ಪರೀಕ್ಷೆಗೆ ಬಂದರು. ಅಂಕಿ 1.9.

ಹೊರಗಿನವರಿಗೆ ಈ ಇಳಿಕೆ 4.4ರಷ್ಟು ಗಾಬರಿ ಹುಟ್ಟಿಸದಿರಬಹುದು. ಮೈಟ್ರಲ್ ಸ್ಥಾನದಲ್ಲಿ ಯಾಂತ್ರಿಕ ಕವಾಟ ಇರುವವರ ವಿಷಯದಲ್ಲಿ ಮಾತ್ರ ಇದು ಕಡಿಮೆ ಅಪಾಯದ್ದಲ್ಲ. ರಕ್ತಸ್ರಾವವಾದರೆ ಬಹುಪಾಲು ಹೊರಗೆ ಕಾಣುತ್ತದೆ, ಎಚ್ಚರಿಕೆ ಕೊಡುತ್ತದೆ. ಹೆಪ್ಪು ಮಾತ್ರ ಸದ್ದಿಲ್ಲದೆ ಬೆಳೆಯುತ್ತದೆ. ವೈದ್ಯರು ಕವಾಟದ ಸದ್ದನ್ನು ಸ್ಟೆತಸ್ಕೋಪಿನಲ್ಲಿ ಎಚ್ಚರದಿಂದ ಆಲಿಸಿದರು, ಮಾತಿನಲ್ಲಿ ತೊದಲು, ಕೈಕಾಲಿನಲ್ಲಿ ಬಲಹೀನತೆ ಇಲ್ಲವೆಂದು ಖಚಿತಪಡಿಸಿಕೊಂಡರು. ಮಾತ್ರೆ ತಪ್ಪಿತೇ ಎಂದು ಕೇಳಿದೆವು. ಪುಸ್ತಿಕೆಯ ಗೆರೆಗಳು ಒಂದೂ ತಪ್ಪಿರಲಿಲ್ಲ. ಊಟದ ಬದಲಾವಣೆ, ಹೆಚ್ಚು ಸೊಪ್ಪು (ಅದರಲ್ಲಿನ ವಿಟಮಿನ್ ಕೆ ವಾರ್ಫರಿನ್‌ಗೆ ಎದುರಾಗಿ ಕೆಲಸ ಮಾಡುತ್ತದೆ) ಎಂದು ಕಾರಣ ಕಟ್ಟಿ, ವಾರದ ಪ್ರಮಾಣವನ್ನು ಮತ್ತೆ 35ಕ್ಕೆ ಏರಿಸಿದೆವು. ವಾರದ ನಂತರ 2.7 ಬಂದಾಗ ಸರಿಯಾದ ದಾರಿಯಲ್ಲಿದ್ದೇವೆ ಎಂದೇ ಭಾವಿಸಿದೆವು.

ಹೀಗೆ ಅಂಕಿಯ ಬೆನ್ನು ಹತ್ತುವುದು ನಮ್ಮ ವೃತ್ತಿಯ ಹಳೆಯ ರೋಗ. ಏರಿದರೆ ಇಳಿಸು, ಇಳಿದರೆ ಏರಿಸು. ಪ್ರತಿ ಸಲವೂ ಲೆಕ್ಕ ಸರಿಯಾಗಿಯೇ ಇರುತ್ತದೆ, ಒಟ್ಟು ಚಿತ್ರ ಮಾತ್ರ ತಪ್ಪಾಗಿರುತ್ತದೆ.

ಎಣ್ಣೆಯ ಕಲೆ

ಮತ್ತೆರಡು ವಾರ ಕಳೆದ ಮೇಲೆ ಅಮ್ಮ ನಿಗದಿಯಾದ ದಿನಕ್ಕಿಂತ ಮೊದಲೇ, ಮಗಳ ಜೊತೆ ಬಂದರು. ಎಡ ಮುಂಗೈಯ ಮೇಲೆ ಅಂಗೈಯಗಲದ ನೀಲಿಗಪ್ಪು ಗುರುತು. ಎಲ್ಲಿ ತಾಗಿತೆಂದು ಅವರಿಗೆ ನೆನಪಿರಲಿಲ್ಲ. ಆರು ದಿನಗಳಿಂದ ಹಲ್ಲುಜ್ಜಿದಾಗಲೆಲ್ಲ ಒಸಡಿನಿಂದ ರಕ್ತ ಬರುತ್ತಿತ್ತು. ಐಎನ್‌ಆರ್ 5.8.

ವೈದ್ಯರು ತಲೆನೋವು, ಕಪ್ಪು ಮಲ, ಮೂತ್ರದಲ್ಲಿ ರಕ್ತ ಇವುಗಳನ್ನೆಲ್ಲ ವಿಚಾರಿಸಿ, ಹಿಮೋಗ್ಲೋಬಿನ್ ಕುಸಿದಿಲ್ಲವೆಂದು ಖಚಿತಪಡಿಸಿಕೊಂಡು, ಎರಡು ದಿನದ ವಾರ್ಫರಿನ್ ನಿಲ್ಲಿಸಲು ಹೇಳಿದರು. ವಿಟಮಿನ್ ಕೆ ಕೊಡದಿರಲು ನಿರ್ಧರಿಸಿದರು: ದೊಡ್ಡ ರಕ್ತಸ್ರಾವ ಇಲ್ಲದಿರುವಾಗ ಅದನ್ನು ಕೊಟ್ಟು ಅಂಕಿಯನ್ನು ಒಮ್ಮೆಲೇ ಕೆಳಕ್ಕೆ ದೂಡಿದರೆ ಕವಾಟದ ಮೇಲೆ ಹೆಪ್ಪು ಕಟ್ಟುವ ಅಪಾಯ ತಲೆಯೆತ್ತುತ್ತದೆ.

ನಾನು ಎಂದಿನಂತೆ ಪುಸ್ತಿಕೆ ಕೇಳಿದೆ. ಅಮ್ಮ ಚೀಲದಿಂದ ತೆಗೆದುಕೊಟ್ಟ ಪುಸ್ತಿಕೆಯ ಕೆಳಮೂಲೆ ಎಣ್ಣೆಯಲ್ಲಿ ನೆನೆದಿತ್ತು. ಕಾಗದ ಪಾರದರ್ಶಕವಾಗಿ, ಒಂದು ಹಾಳೆಯ ಅಂಕಿಗಳ ಹಿಂದೆ ಮುಂದಿನ ಹಾಳೆಯ ಅಂಕಿಗಳು ಕಾಣುತ್ತಿದ್ದವು. ಮೂಗಿಗೆ ಒಂದು ಕಹಿಮಿಶ್ರಿತ ಘಾಟು ಬಂತು. "ಇದೇನಮ್ಮಾ, ಎಣ್ಣೆ?" ಎಂದೆ.

"ಅದು ಸೋರಿಬಿಟ್ಟಿದೆ ನೋಡಪ್ಪ. ಶಕ್ತಿಗೆ ಅಂತ ಕುಡಿಯೋದು. ಔಷಧಿ ಅಲ್ಲ, ಬರೀ ಎಣ್ಣೆ."

ಮಗಳು ಸೀಸೆಯನ್ನು ಮೇಜಿನ ಮೇಲಿಟ್ಟರು. ಮುಂಭಾಗದಲ್ಲಿ ಕರಿಜೀರಿಗೆಯ ಎಣ್ಣೆ ಎಂದೂ, ಅದರ ಕೆಳಗೆ ರೋಗನಿರೋಧಕ ಶಕ್ತಿಗೆ ಬೆಂಬಲ ಎಂದೂ ದೊಡ್ಡಕ್ಷರದಲ್ಲಿತ್ತು. ಹಿಂಭಾಗದ ಸಣ್ಣಕ್ಷರದಲ್ಲಿ ಬೆಳ್ಳುಳ್ಳಿ ಎಣ್ಣೆ ಮತ್ತು ವಿಟಮಿನ್ ಇ ಕೂಡ ಸೇರಿದ್ದವು. ಅಮ್ಮ ದಿನಾಂಕಗಳನ್ನು ಒಂದೊಂದಾಗಿ ಹೇಳಿದರು, ನಾನು ಪುಸ್ತಿಕೆಯ ಅಂಚಿನಲ್ಲಿ ಬರೆಯುತ್ತ ಹೋದೆ. ಆ್ಯಂಟಿಬಯಾಟಿಕ್ ಮುಗಿದು ಒಂದು ವಾರಕ್ಕೆ ಮಗಳು ತಂದುಕೊಟ್ಟ ಎಣ್ಣೆ ಶುರುವಾಗಿತ್ತು, ಬೆಳಿಗ್ಗೆ ಒಂದು ಟೀ ಚಮಚ. ಅಂದರೆ 4.4 ಬಂದ ದಿನಕ್ಕೆ ಎಣ್ಣೆಗೆ ಮೂರು ವಾರ ತುಂಬಿತ್ತು. ಮಗನ ಮನೆಗೆ ಹೋಗುವಾಗ ಸೋರೀತೆಂದು ಸೀಸೆಯನ್ನು ಮನೆಯಲ್ಲೇ ಬಿಟ್ಟಿದ್ದರು. ಮರಳಿದ ದಿನದಿಂದ, ಮೂರು ವಾರ ತಪ್ಪಿಹೋಯಿತಲ್ಲ ಎಂಬ ಚಿಂತೆಗೆ ದಿನಕ್ಕೆ ಎರಡು ಚಮಚ ಮಾಡಿದ್ದರು. ಇನ್ನೆಂದೂ ತಪ್ಪದಿರಲಿ ಎಂದು ಸೀಸೆಯನ್ನು ಚೀಲದಲ್ಲೇ ಇಟ್ಟುಕೊಂಡು ಓಡಾಡತೊಡಗಿದ್ದರು. ಮಾತ್ರೆಯ ವಿಷಯದಲ್ಲಿ ಅವರನ್ನು ಕಾಪಾಡಿದ ಅದೇ ಶಿಸ್ತು ಇಲ್ಲಿ ಅವರಿಗೆ ಮುಳುವಾಗಿತ್ತು.

ಸೀಸೆ ಸೋರದೇ ಇದ್ದಿದ್ದರೆ ನಮಗೆ ಇದು ತಿಳಿಯುತ್ತಿತ್ತೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಅಷ್ಟು ತಿಂಗಳಲ್ಲಿ "ಹೊಸ ಔಷಧಿ ಏನಾದರೂ?" ಎಂದು ಐದಾರು ಸಲ ಕೇಳಿದ್ದೆವು. ಅಮ್ಮನ ಮನಸ್ಸಿನಲ್ಲಿ ಔಷಧಿ ಎಂದರೆ ವೈದ್ಯರು ಬರೆದುಕೊಟ್ಟದ್ದು, ರೋಗಕ್ಕೆ ತೆಗೆದುಕೊಳ್ಳುವುದು. ಎಣ್ಣೆ ಆ ಎರಡೂ ಅಲ್ಲ. ನಮ್ಮ ಪ್ರಶ್ನೆಗೆ ಅವರ ಉತ್ತರ ಪ್ರತಿ ಸಲವೂ ಸತ್ಯವೇ ಆಗಿತ್ತು.

ಎಣ್ಣೆಗೂ ಅಂಕಿಗೂ ನಂಟು ಎಷ್ಟು ಗಟ್ಟಿ

ಒಂದು ಅನುಮಾನ ಸಿಕ್ಕ ಕೂಡಲೇ ಎಲ್ಲವನ್ನೂ ಅದರ ತಲೆಗೆ ಕಟ್ಟುವುದು ಸುಲಭ. ಆ್ಯಂಟಿಬಯಾಟಿಕ್ ವಿಷಯದಲ್ಲಿ ನಾವು ಮಾಡಿದ್ದೂ ಅದನ್ನೇ. ಆದ್ದರಿಂದ ಈ ಸಲ ಅಂಕಿಗಳನ್ನು ಎಣ್ಣೆ ಇದ್ದ ಕಾಲ, ಇಲ್ಲದ ಕಾಲ ಎಂದು ವಿಂಗಡಿಸಿ, ಒಂದೇ ಪ್ರಮಾಣದ ವಾರ್ಫರಿನ್ ಇದ್ದಾಗಿನವನ್ನು ಮಾತ್ರ ಪರಸ್ಪರ ಹೋಲಿಸಿದೆವು. ವಾರಕ್ಕೆ 35 ಮಿಲಿಗ್ರಾಂ ಇದ್ದಾಗ, ಎಣ್ಣೆ ಇಲ್ಲದ ಮೂರು ವರ್ಷ ಅಂಕಿ 3ರ ಆಸುಪಾಸಿನಲ್ಲಿತ್ತು. ಅದೇ 35ಕ್ಕೆ ಒಂದು ಚಮಚ ಎಣ್ಣೆ ಸೇರಿದಾಗ 4.4, ಎರಡು ಚಮಚ ಸೇರಿದಾಗ 5.8. ವಾರಕ್ಕೆ 30 ಇದ್ದಾಗ ಎಣ್ಣೆಯೊಂದಿಗೆ 3.0, ಎಣ್ಣೆ ಇಲ್ಲದೆ 1.9. ಪ್ರಮಾಣ ಬದಲಾದ ಗೊಂದಲದಲ್ಲಿ ಮುಚ್ಚಿಹೋಗಿದ್ದ ನಂಟು ಹೀಗೆ ಜೋಡಿಸಿದ ಕೂಡಲೇ ಎದ್ದು ಕಂಡಿತು. ಕೊಟ್ಟಾಗ ಏರಿಕೆ, ನಿಂತಾಗ ಇಳಿಕೆ, ಮತ್ತೆ ಕೊಟ್ಟಾಗ ಮತ್ತೆ ಏರಿಕೆ, ಹೆಚ್ಚು ಕೊಟ್ಟಾಗ ಹೆಚ್ಚು ಏರಿಕೆ. ಯಾವ ವೈದ್ಯರೂ ಉದ್ದೇಶಪೂರ್ವಕವಾಗಿ ಮಾಡಬಾರದ ಪ್ರಯೋಗವನ್ನು ಅಮ್ಮನ ಪ್ರವಾಸ ತಾನಾಗಿಯೇ ಮಾಡಿತ್ತು.

ಇದು ಹೇಗೆ ಆಗುತ್ತದೆ ಎಂಬುದಕ್ಕೂ ಒಪ್ಪುವ ವಿವರಣೆ ಇದೆ. ವಾರ್ಫರಿನ್‌ನಲ್ಲಿ ಒಂದಕ್ಕೊಂದು ಕನ್ನಡಿಯ ಪ್ರತಿಬಿಂಬದಂತಿರುವ ಎರಡು ರೂಪಗಳಿವೆ. ಅವುಗಳಲ್ಲಿ ಹೆಚ್ಚು ಪ್ರಬಲವಾದ ರೂಪವನ್ನು ಯಕೃತ್ತಿನ ಸಿವೈಪಿ2ಸಿ9 ಎಂಬ ಕಿಣ್ವ ವಿಘಟಿಸಿ ಹೊರಹಾಕುತ್ತದೆ. ಕರಿಜೀರಿಗೆಯ ಸಾರವೂ ಅದರಲ್ಲಿನ ಥೈಮೋಕ್ವಿನೋನ್ ಎಂಬ ಅಂಶವೂ ಈ ಕಿಣ್ವದ ಕೆಲಸವನ್ನು ಕುಗ್ಗಿಸುವುದು ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡಿದೆ. ಕಿಣ್ವ ಕುಗ್ಗಿದರೆ ಅದೇ ಮಾತ್ರೆ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಬೆಳ್ಳುಳ್ಳಿಯ ಸಾಂದ್ರ ರೂಪಗಳು ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುತ್ತವೆ, ಹೆಚ್ಚಿನ ಪ್ರಮಾಣದ ವಿಟಮಿನ್ ಇ ವಾರ್ಫರಿನ್ ಸೇವಿಸುವವರಲ್ಲಿ ರಕ್ತಸ್ರಾವದ ಸಾಧ್ಯತೆಯನ್ನು ಹೆಚ್ಚಿಸಬಲ್ಲದು. ಮೂರೂ ಒಂದೇ ಸೀಸೆಯಲ್ಲಿದ್ದುದರಿಂದ ಹೊಣೆಯನ್ನು ಒಂದೇ ಘಟಕದ ಮೇಲೆ ಹೊರಿಸದೆ, ಮಿಶ್ರಣದ ಮೇಲೆ ಹೊರಿಸಿ ದಾಖಲಿಸಿದೆವು. 1981ರಿಂದ ಬಳಕೆಯಲ್ಲಿರುವ, ಒಂದು ದುಷ್ಪರಿಣಾಮಕ್ಕೆ ಔಷಧಿಯೇ ಕಾರಣವೇ ಎಂದು ತೂಗುವ ಹತ್ತು ಪ್ರಶ್ನೆಗಳ ನರಾಂಜೋ ಮಾಪಕದಲ್ಲಿ ಈ ಪ್ರಕರಣ "ಸಂಭಾವ್ಯ" ಎಂಬ ಶ್ರೇಣಿಗೆ ಬಂತು. "ನಿಶ್ಚಿತ" ಎಂಬುದು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಅಲ್ಲಿಗೆ ಏರಿಸಲು ನಾವು ಪ್ರಯತ್ನಿಸಲಿಲ್ಲ.

ಹೆಸರಿನ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕರಿಜೀರಿಗೆ, ಕಪ್ಪು ಜೀರಿಗೆ, ಕಾಡು ಜೀರಿಗೆ ಎಂಬ ಹೆಸರುಗಳು ಬೇರೆ ಬೇರೆ ಸಸ್ಯಗಳಿಗೆ ಒಂದರ ಬದಲು ಒಂದು ಬಳಕೆಯಾಗುತ್ತವೆ. ಕಡತದಲ್ಲಿ ಸಸ್ಯಶಾಸ್ತ್ರೀಯ ಹೆಸರನ್ನು, ಈ ಪ್ರಕರಣದಲ್ಲಿ ನೈಜೆಲ್ಲ ಸಟೈವ ಎಂದು, ಸೀಸೆ ನೋಡಿಯೇ ಬರೆದುಕೊಳ್ಳಬೇಕು. ಬಾಯಿಮಾತಿನ ಹೆಸರನ್ನು ನಂಬಿ ಬರೆದರೆ ಮುಂದೆ ಓದುವವರು ಮತ್ತೊಂದು ಗಿಡವನ್ನು ಹುಡುಕುತ್ತಾರೆ.

ನಿಲ್ಲಿಸುವುದೂ ಒಂದು ಚಿಕಿತ್ಸೆಯೇ

ಮುಂದೇನು ಎಂಬುದಕ್ಕೆ ಎರಡು ದಾರಿಗಳಿದ್ದವು. ಎಣ್ಣೆಯನ್ನು ಬಿಡಿಸುವುದು ಒಂದು; ದಿನಕ್ಕೆ ಒಂದೇ ಅಳತೆಯಲ್ಲಿ ಮುಂದುವರಿಸಿ, ವಾರ್ಫರಿನ್ ಪ್ರಮಾಣವನ್ನು ಅದಕ್ಕೆ ಹೊಂದಿಸುವುದು ಇನ್ನೊಂದು. ಎರಡನೆಯದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡರೂ ತಳ್ಳಿಹಾಕುವಂಥದ್ದಲ್ಲ. ಬಿಡಲಾಗದ ಔಷಧಿಗಳ ಜೊತೆ ನಾವು ದಿನವೂ ಮಾಡುವುದು ಅದನ್ನೇ. ಈ ಎಣ್ಣೆಯ ವಿಷಯದಲ್ಲಿ ಅದು ಆಗದು ಎಂದು ತೀರ್ಮಾನಿಸಲು ಮುಖ್ಯ ಕಾರಣ ಸೀಸೆಯೊಳಗಿನ ಸತ್ವದ ಅನಿಶ್ಚಿತತೆ. ಕರಿಜೀರಿಗೆ ಎಣ್ಣೆಗಳಲ್ಲಿ ಥೈಮೋಕ್ವಿನೋನ್ ಪ್ರಮಾಣ ತಯಾರಿಕೆಯಿಂದ ತಯಾರಿಕೆಗೆ ಬಹಳ ವ್ಯತ್ಯಾಸವಾಗುತ್ತದೆ. ಒಂದು ಚಮಚ ಎಂಬುದು ಅಳತೆಯೇ ಹೊರತು ಸತ್ವದ ಲೆಕ್ಕವಲ್ಲ. 2.5ಕ್ಕೂ 3.5ಕ್ಕೂ ನಡುವಿನ ಕಿರಿದಾದ ದಾರಿಯಲ್ಲಿ ನಡೆಯಬೇಕಾದವರನ್ನು ಅಂಥ ಅಳತೆಗೆ ಒಪ್ಪಿಸುವುದು ಸರಿಯೆನಿಸಲಿಲ್ಲ.

ಆದರೆ ಬಿಡಿಸುವುದರಲ್ಲಿಯೂ ಅಪಾಯ ಇತ್ತು, ಮತ್ತು ಈ ಪ್ರಕರಣದಿಂದ ಯಾರಾದರೂ ಒಂದೇ ಒಂದು ಅಂಶವನ್ನು ಒಯ್ಯುವುದಾದರೆ ಇದನ್ನು ಒಯ್ಯಲಿ ಎಂದು ನನ್ನ ಆಸೆ. ಎಣ್ಣೆ ತಪ್ಪಿದ ಮೂರು ವಾರದಲ್ಲಿ ಅಂಕಿ 1.9ಕ್ಕೆ ಕುಸಿದಿತ್ತು. "ಅದನ್ನು ಬಿಟ್ಟುಬಿಡಿ" ಎಂದಷ್ಟೇ ಹೇಳಿ ತಿಂಗಳ ನಂತರ ಬರಲು ಹೇಳಿದ್ದರೆ ಅದೇ ಗುಂಡಿಗೆ ಮತ್ತೆ ಬೀಳುತ್ತಿದ್ದೆವು. ವಾರ್ಫರಿನ್‌ನ ಪ್ರಮಾಣ ಬದಲಾದರೂ ಅದರ ಜೊತೆಗಿನ ವಸ್ತು ಬದಲಾದರೂ ಅದರ ಪೂರ್ಣ ಪರಿಣಾಮ ಐಎನ್‌ಆರ್‌ನಲ್ಲಿ ಕಾಣಲು ಸುಮಾರು ಒಂದು ವಾರ ಹಿಡಿಯುತ್ತದೆ, ಏಕೆಂದರೆ ಈಗಾಗಲೇ ರಕ್ತದಲ್ಲಿರುವ ಹೆಪ್ಪುಗಟ್ಟಿಸುವ ಅಂಶಗಳು ಸವೆದು ಹೊಸವು ಬರಬೇಕು. ಕಾರಣಕ್ಕೂ ಪರಿಣಾಮಕ್ಕೂ ನಡುವಿನ ಈ ಅಂತರದಿಂದಲೇ ರೋಗಿಗೂ ನಮಗೂ ಎರಡನ್ನೂ ಜೋಡಿಸುವುದು ಕಷ್ಟವಾಗುತ್ತದೆ.

ಆದ್ದರಿಂದ ಎಣ್ಣೆ ನಿಲ್ಲುವ ದಿನವನ್ನೇ ಮೊದಲ ದಿನವೆಂದು ಗುರುತಿಸಿ ಪರೀಕ್ಷೆಗಳನ್ನು ನಿಗದಿ ಮಾಡಿದೆವು. ಎರಡು ದಿನ ವಾರ್ಫರಿನ್ ಬಿಟ್ಟ ಮೇಲೆ ಮೂರನೆಯ ದಿನ ಅಂಕಿ 3.6. ಎಣ್ಣೆಯ ಪ್ರಭಾವ ಇನ್ನೂ ಸ್ವಲ್ಪ ಉಳಿದಿರಬಹುದೆಂದು ವಾರಕ್ಕೆ 32.5ರ ಲೆಕ್ಕದಲ್ಲಿ ಮತ್ತೆ ಶುರು ಮಾಡಿದೆವು. ಏಳನೆಯ ದಿನ 2.8, ಹದಿನಾಲ್ಕನೆಯ ದಿನ 2.5. ಇಳಿಯುವ ದಿಕ್ಕು ಸ್ಪಷ್ಟವಾಗಿತ್ತು. ಅಂಚು ದಾಟುವ ಮೊದಲೇ ಹಳೆಯ 35ಕ್ಕೆ ಏರಿಸಿದೆವು. ಇಪ್ಪತ್ತೊಂದನೆಯ ದಿನ 2.9. ಆ ನಂತರದ ಎರಡು ತಿಂಗಳುಗಳಲ್ಲಿ 3.0 ಮತ್ತು 3.1. ಮೂರು ವರ್ಷ ಅವರಿಗೆ ಒಗ್ಗಿದ್ದ ಪ್ರಮಾಣವೇ ಮತ್ತೆ ಒಗ್ಗಿತು. ಅವರ ದೇಹ ಬದಲಾಗಿರಲೇ ಇಲ್ಲ.

ಎಣ್ಣೆಯ ಹಿಂದಿದ್ದ ಭಯ

ಎಣ್ಣೆ ಬಿಡಿ ಎಂದಾಗ ಅಮ್ಮ ತಕ್ಷಣ ಒಪ್ಪಲಿಲ್ಲ. "ಮತ್ತೆ ಹಾಗೆ ಮಲಗಿಬಿಟ್ಟರೆ?" ಎಂದು ಕೇಳಿದರು. ಆ ಪ್ರಶ್ನೆಗೆ ಸೋಂಕಿನ ಸಮಯದಲ್ಲಿ ನಮ್ಮಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ಆ್ಯಂಟಿಬಯಾಟಿಕ್ ಬರೆದು, ಅಂಕಿ ನೋಡಿ ಕಳುಹಿಸಿದ್ದೆವು. ನಾವು ಉತ್ತರಿಸದೆ ಬಿಟ್ಟ ಪ್ರಶ್ನೆಗೆ ಸೀಸೆಯ ಮೇಲಿನ ಬರಹ ಉತ್ತರಿಸಿತ್ತು. ಮಗಳು ಅದುವರೆಗೆ ಮಾತೇ ಆಡಿರಲಿಲ್ಲ; ತಾನೇ ತಂದುಕೊಟ್ಟೆನಲ್ಲ ಎಂದು ಕಣ್ಣೀರು ತುಂಬಿಕೊಂಡು ಕುಳಿತಿದ್ದರು. ತಾಯಿ ಚೇತರಿಸಿಕೊಳ್ಳಲಿ ಎಂದು ಮಾಡಿದ ಕೆಲಸ ಅದು. ಅವರಿಗೆ ಮುನ್ನೆಚ್ಚರಿಕೆ ಕೊಡಬೇಕಾದ ಹೊಣೆ ನಮ್ಮದಾಗಿತ್ತು, ಅದನ್ನು ನಾವು ಮಾಡಿರಲಿಲ್ಲ ಎಂದು ಅವರಿಬ್ಬರ ಮುಂದೆಯೇ ಹೇಳಿದೆ.

ರೋಗನಿರೋಧಕ ಶಕ್ತಿಗೆ ಬೆಂಬಲ ಎಂಬ ಮಾತು ನಿರ್ದಿಷ್ಟವಾದ ಯಾವ ರೋಗದ ಹೆಸರನ್ನೂ ಹೇಳುವುದಿಲ್ಲ. ಹಲವು ದೇಶಗಳಲ್ಲಿ ಇಂಥ ಪೂರಕಗಳನ್ನು ಮಾರುವ ಮೊದಲು ಅವು ಕೆಲಸ ಮಾಡುತ್ತವೆಂದು ಸಾಬೀತುಪಡಿಸಬೇಕಾಗಿಯೂ ಇಲ್ಲ. ಕರಿಜೀರಿಗೆ ಎಣ್ಣೆಯ ಬಗ್ಗೆ ನಡೆದ ಸಣ್ಣ ಅಧ್ಯಯನಗಳಲ್ಲಿ ರಕ್ತದೊತ್ತಡ, ರಕ್ತದ ಸಕ್ಕರೆ, ಕೊಲೆಸ್ಟರಾಲ್ ಸ್ವಲ್ಪಮಟ್ಟಿಗೆ ಇಳಿದದ್ದು ಕಂಡಿದೆ. ಅದು ಒಳ್ಳೆಯ ಸುದ್ದಿಯಂತೆ ಕೇಳಿಸಿದರೂ ಅವೇ ತೊಂದರೆಗಳಿಗೆ ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ ಎಚ್ಚರಿಕೆಯೂ ಹೌದು. ಅದನ್ನು ಕುಡಿದವರಿಗೆ ಎದೆಯ ಸೋಂಕು ಬರುವುದಿಲ್ಲ ಎಂಬುದಕ್ಕೆ ಮಾತ್ರ ಗಟ್ಟಿಯಾದ ಆಧಾರವಿಲ್ಲ. ಇಷ್ಟಕ್ಕೂ ರೋಗನಿರೋಧಕ ವ್ಯವಸ್ಥೆ ಎಂಬುದು ಎಣ್ಣೆ ಹೊಯ್ದಷ್ಟೂ ಹೆಚ್ಚು ಉರಿಯುವ ದೀಪದಂಥದ್ದಲ್ಲ. ಅದರ ಒಂದು ಭಾಗ ಹೊಡೆಯುತ್ತದೆ, ಇನ್ನೊಂದು ಭಾಗ ಹೊಡೆತವನ್ನು ತಡೆಯುತ್ತದೆ. ಸ್ವಂತ ಕೀಲುಗಳ ಮೇಲೆ, ಥೈರಾಯ್ಡ್ ಗ್ರಂಥಿಯ ಮೇಲೆ ದೇಹವೇ ದಾಳಿ ಮಾಡುವ ಕಾಯಿಲೆಗಳು ಆ ಸಮತೋಲ ತಪ್ಪಿದಾಗ ಬರುವಂಥವು. ಅಂಗಾಂಗ ಕಸಿ ಮಾಡಿಸಿಕೊಂಡವರು ಈ ವ್ಯವಸ್ಥೆಯನ್ನು ಅದುಮಿಡಲೆಂದೇ ಮಾತ್ರೆ ನುಂಗುತ್ತಾರೆ. ಅವರ ಕೈಗೆ ಇದೇ ಸೀಸೆ ಸಿಕ್ಕರೆ ಏನಾದೀತು ಎಂಬ ಆತಂಕ ಈ ಪ್ರಕರಣದ ನಂತರ ನನ್ನನ್ನು ಬಿಟ್ಟಿಲ್ಲ.

ಗಿಡದಿಂದ ಬಂದದ್ದು ಏನು ಮಾಡೀತು ಎಂದು ಅಮ್ಮ ಕೇಳಿದಾಗ ಅವರ ಮಾತ್ರೆಯ ಕಥೆಯನ್ನೇ ಹೇಳಿದೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವನ್ನು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದ ಮೇಲೆ ಅದರ ಜಾಡಿನಲ್ಲಿ ರೂಪುಗೊಂಡದ್ದೇ ವಾರ್ಫರಿನ್. ಮೊದಲು 1948ರಲ್ಲಿ ಇಲಿ ಪಾಷಾಣವಾಗಿ ಬಂದು, 1954ರಲ್ಲಿ ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆಯಿತು. ಅಮ್ಮ ಕೈಯಲ್ಲಿದ್ದ ಮಾತ್ರೆಯ ಪಟ್ಟಿಯನ್ನು ತಿರುಗಿಸಿ ನೋಡಿದರು. ಅಂಕಿಗಳನ್ನು ತೋರಿಸಿ ನಾನು ಕೊಟ್ಟ ವಿವರಣೆಗಿಂತ ಆ ದನಗಳ ವಿಷಯ ಅವರ ಮನಸ್ಸಿಗೆ ಹೆಚ್ಚು ತಟ್ಟಿತು.

ಆಮೇಲೆ ಬಂತು ನಾವು ನಿರೀಕ್ಷಿಸದ ಸಂಗತಿ. ಒಸಡಿನಿಂದ ರಕ್ತ ಬರುತ್ತಿದ್ದುದಕ್ಕೆ ಹೆದರಿ, ಬರುವ ಮೂರು ದಿನ ಮೊದಲೇ ಅಮ್ಮ ಹಲ್ಲುಜ್ಜುವುದನ್ನು ನಿಲ್ಲಿಸಿದ್ದರು. ಕೃತಕ ಕವಾಟ ಇರುವವರಿಗೆ ಬಾಯಿಯ ಸ್ವಚ್ಛತೆ ಎಂಬುದು ಅಂದಚಂದದ ವಿಷಯವಲ್ಲ. ಒಸಡಿನ ಸುತ್ತ ಬೆಳೆದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟದ ಮೇಲೆ ನೆಲೆಯೂರಿದರೆ ಎಂಡೊಕಾರ್ಡೈಟಿಸ್ ಎಂಬ ಪ್ರಾಣಾಂತಿಕ ಸೋಂಕಾಗುತ್ತದೆ. ಇಂಥವರ ಹಲ್ಲು ಕೀಳುವ ಮೊದಲು ಆ್ಯಂಟಿಬಯಾಟಿಕ್ ಕೊಡುವುದು ಇದೇ ಕಾರಣಕ್ಕೆ. ಸೋಂಕು ಬಾರದಿರಲಿ ಎಂದು ಕುಡಿದ ಎಣ್ಣೆ ರಕ್ತ ಬರಿಸಿ, ಆ ರಕ್ತದ ಭಯ ಹಲ್ಲುಜ್ಜುವುದನ್ನು ನಿಲ್ಲಿಸಿ, ಅವರಿಗೆ ಎಲ್ಲಕ್ಕಿಂತ ಅಪಾಯಕಾರಿಯಾದ ಸೋಂಕಿಗೆ ಬಾಗಿಲು ತೆರೆಯುತ್ತಿತ್ತು. ಮೆತ್ತನೆಯ ಬ್ರಷ್ಷಿನಿಂದ ಅಂದೇ ಮತ್ತೆ ಶುರು ಮಾಡಲು ಹೇಳಿದೆವು, ದಂತವೈದ್ಯರ ಬಳಿಗೂ ಕಳುಹಿಸಿದೆವು.

ಕಡತ ತಿರುವಿದಾಗ ಇನ್ನೊಂದು ಕೊರತೆಯೂ ಕಂಡಿತು. ಅವರಿಗೆ ಫ್ಲೂ ಲಸಿಕೆಯನ್ನಾಗಲಿ ನ್ಯುಮೋನಿಯಾ ತಡೆಯಲು ಕೊಡುವ ನ್ಯುಮೊಕಾಕಲ್ ಲಸಿಕೆಯನ್ನಾಗಲಿ ಕೊಟ್ಟಿರಲಿಲ್ಲ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸ್ನಾಯುವಿಗೆ ಚುಚ್ಚುಮದ್ದು ಬೇಡ ಎಂಬ ಅತಿಎಚ್ಚರಿಕೆಯಲ್ಲಿ ಯಾರೋ ಎಂದೋ ಮುಂದೂಡಿದ್ದು ಹಾಗೆಯೇ ಉಳಿದಿತ್ತು. ಅಂಕಿ ಹದ್ದಿನೊಳಗಿದ್ದರೆ ಸಪೂರ ಸೂಜಿಯಿಂದ ಚುಚ್ಚಿ, ಉಜ್ಜದೆ ಕನಿಷ್ಠ ಎರಡು ನಿಮಿಷ ಒತ್ತಿ ಹಿಡಿದರೆ ಸಾಕು. 2.9 ಬಂದ ದಿನ ಎರಡನ್ನೂ ಕೊಟ್ಟೆವು. ತೋಳಿನ ಮೇಲೆ ಹತ್ತಿ ಒತ್ತಿಕೊಂಡು ಗಡಿಯಾರ ನೋಡುತ್ತ ಕುಳಿತಿದ್ದ ಅಮ್ಮ, "ಇದು ಆಗ ಯಾಕೆ ಹೇಳಲಿಲ್ಲ?" ಎಂದರು. ಕೊಡಲು ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ಬದಲಾದ ಪ್ರಶ್ನೆ

ಆ ನಂತರ ನಮ್ಮ ಘಟಕದಲ್ಲಿ "ಹೊಸ ಔಷಧಿ ಏನಾದರೂ?" ಎಂಬ ಒಂಟಿ ಪ್ರಶ್ನೆಯನ್ನು ಕೈಬಿಟ್ಟೆವು. ಈಗ ಕೇಳುವುದು ಹೀಗೆ: ಶಕ್ತಿಗೆ, ನಿದ್ದೆಗೆ, ಕೀಲುನೋವಿಗೆ, ಜೀರ್ಣಕ್ಕೆ ಅಂತ ಏನು ತೆಗೆದುಕೊಳ್ಳುತ್ತೀರಿ? ಎಣ್ಣೆ, ಪುಡಿ, ಕಷಾಯ, ಹನಿ, ಗುಳಿಗೆ ಯಾವುದಾದರೂ ಇದೆಯೇ? ಹೋದ ಸಲ ಬಂದ ಮೇಲೆ ಯಾವುದನ್ನಾದರೂ ನಿಲ್ಲಿಸಿದಿರಾ? ಕೊನೆಯ ಪ್ರಶ್ನೆಯನ್ನು ಸೇರಿಸಲು ಕಾರಣ ಆ 1.9. ಕೇಳುವ ದನಿಯೂ ಮುಖ್ಯ. ತಪ್ಪು ಹಿಡಿಯುವವರಂತೆ ಕೇಳಿದರೆ ಜನ ಬಚ್ಚಿಡುತ್ತಾರೆ. ಮನೆಯಲ್ಲಿರುವ ಸೀಸೆ, ಪೊಟ್ಟಣಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ತರುವಂತೆ ಆರು ತಿಂಗಳಿಗೊಮ್ಮೆ ಹೇಳುತ್ತೇವೆ. ಅದಕ್ಕೆ ಹೆಚ್ಚು ಸಮಯ ಬೇಕಾಗುತ್ತದೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದುಂಟು, ಆಕ್ಷೇಪ ನ್ಯಾಯವೂ ಹೌದು. ಆದರೆ ಅಮ್ಮನ ಅಂಕಿಯ ಬೆನ್ನು ಹತ್ತಿ ನಾವು ಕಳೆದ ತಿಂಗಳುಗಳನ್ನು ಲೆಕ್ಕ ಹಾಕಿದರೆ ಆ ಹತ್ತು ನಿಮಿಷ ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ.

ಅಮ್ಮನಿಗೆ ಹೊಸ ಪುಸ್ತಿಕೆ ಕೊಟ್ಟೆವು. ಗೆರೆ ಎಳೆಯುವ ಅಂಕಣದ ಪಕ್ಕದಲ್ಲಿ ಅವರೇ ಪೆನ್ಸಿಲ್ಲಿನಿಂದ ಇನ್ನೊಂದು ಅಂಕಣ ಮಾಡಿಕೊಂಡು, ತಲೆಯ ಮೇಲೆ "ಬೇರೆ" ಎಂದು ಬರೆದುಕೊಂಡಿದ್ದಾರೆ. ಕಳೆದ ಭೇಟಿಯಲ್ಲಿ ನೋಡಿದಾಗ ಆ ಅಂಕಣದಲ್ಲಿ ಒಂದು ಕಡೆ, ಗಂಟಲು ಕೆರೆತಕ್ಕೆ ನೆರೆಯವರು ಕೊಟ್ಟ ಗುಳಿಗೆಯ ಹೆಸರನ್ನು ಬರೆದು, ಅದರ ಮುಂದೆ "ಕೇಳಿ ಆಮೇಲೆ" ಎಂದು ಬರೆದಿದ್ದರು. ಗುಳಿಗೆಯ ಪೊಟ್ಟಣ ಒಡೆಯದೆ ಚೀಲದಲ್ಲೇ ಇತ್ತು. ಇಬ್ಬರೂ ಕೂತು ಹಿಂಭಾಗದ ಸಣ್ಣಕ್ಷರವನ್ನು ಓದತೊಡಗಿದೆವು.